ಎರಡು ಗಂಟೆಯ ದಿಕ್ಕಿಗೆ ಒಂದು ದೋಣಿ

ಕೊಲ್ಕತ್ತಾದ ಗಾರ್ಡನ್ ರೀಚಿನ ನಮ್ಮ ರೈಲ್ವೆ ಕ್ವಾರ್ಟರ್ಸಿನ ತಾರಸಿಯಿಂದ ಹೂಗ್ಲಿ ನದಿ ಕಾಣುತ್ತಿರಲಿಲ್ಲ, ಹಡಗುಗಳು ಮಾತ್ರ ಕಾಣುತ್ತಿದ್ದವು. ನಡುವೆ ಗೋದಾಮುಗಳ ಸಾಲಿದ್ದುದರಿಂದ ನೀರು ಮರೆಯಾಗಿ, ಹಡಗಿನ ಮೇಲರ್ಧವಷ್ಟೇ ಮನೆಗಳ ಮೇಲಿಂದ ಸಾಗಿಹೋಗುತ್ತಿತ್ತು. ಒಣಹಾಕಿದ ಸೀರೆಗಳ ಹಿಂದೆ, ನೀರಿನ ಟ್ಯಾಂಕುಗಳ ಹಿಂದೆ, ಯಾವುದೋ ಬಿಳಿ ಮನೆಯೊಂದು ಸದ್ದಿಲ್ಲದೆ ಎದ್ದು ಸಮುದ್ರದ ಕಡೆ ಹೊರಟ ಹಾಗೆ. ನಾವು ಆ ಕ್ವಾರ್ಟರ್ಸಿಗೆ ಬಂದಾಗ ನನಗೆ ಹನ್ನೆರಡು ವರ್ಷ. ಮಧ್ಯಾಹ್ನ ಉಂಡು ಅವ್ವ ಅಡ್ಡಾದಳೆಂದರೆ ನಾನು ತಾರಸಿಗೆ ಹತ್ತಿ ಕೂತುಬಿಡುತ್ತಿದ್ದೆ. ಆ ಹಡಗುಗಳು ಎಲ್ಲಿಗೆ ಹೋಗುತ್ತವೆ ಎಂಬ ಚಿಂತೆ ನನಗಿರಲಿಲ್ಲ. ಅವು ಹೋಗುವುದನ್ನು ಮೇಲಿನಿಂದ ನೋಡಿದರೆ ಹೇಗಿದ್ದೀತು ಎಂಬುದೇ ನನ್ನ ಹುಚ್ಚು.

ಅಪ್ಪ ಹುಬ್ಬಳ್ಳಿಯವರು, ರೈಲು ಇಂಜಿನ್ನಿನ ಡ್ರೈವರ್ ಆಗಿ ಬಂಗಾಳಕ್ಕೆ ಬಂದವರು. ನಾವು ಗಾರ್ಡನ್ ರೀಚಿಗೆ ಬರುವ ಹೊತ್ತಿಗೆ ಅವರು ಡ್ರೈವರ್ ಆಗಿ ಉಳಿದಿರಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಫೇಲು ಮಾಡಿ, ಇಂಜಿನ್ನಿನಿಂದ ಇಳಿಸಿ, ಆಫೀಸಿನ ಕುರ್ಚಿಯಲ್ಲಿ ಕೂರಿಸಿದ್ದರು. ಡಾಕ್ಟರು ಅನ್ಯಾಯ ಮಾಡಿದರು ಎಂಬುದು ನಮ್ಮ ಮನೆಯ ಗಟ್ಟಿ ನಂಬಿಕೆ. ಅವ್ವ ಆ ಡಾಕ್ಟರರಿಗೆ ಹಿಡಿಶಾಪ ಹಾಕದೆ ರೊಟ್ಟಿ ಬಡಿಯುತ್ತಿರಲಿಲ್ಲ. "ಅವನ ಬಾಯಾಗ ಮಣ್ಣ ಬೀಳಲಿ" ಎಂದು ಅವಳು ಶುರು ಮಾಡಿದರೆ ಅಪ್ಪ ಮುಖಕ್ಕೆ ಪೇಪರು ಅಡ್ಡ ಹಿಡಿದು ಕೂರುತ್ತಿದ್ದರು.

ಇಂಜಿನ್ ಬಿಟ್ಟರೂ ಇಂಜಿನ್ನಿನ ಚಟ ಅವರನ್ನು ಬಿಡಲಿಲ್ಲ. ರೈಲಿನಲ್ಲಿ ಸಿಗ್ನಲ್ ಕಂಡ ಕೂಡಲೇ ಅಸಿಸ್ಟೆಂಟ್ ಕೈ ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ಡ್ರೈವರ್ ಅದನ್ನೇ ತಿರುಗಿ ಕೂಗಬೇಕು. ಹಸಿರು ಅಂದರೆ ಹಸಿರು, ಹಳದಿ ಅಂದರೆ ಹಳದಿ. "ಕಂಡದ್ದು ಬಾಯಿಗೆ ಬರಬೇಕು, ಬಾಯಿಗೆ ಬಂದದ್ದು ಇನ್ನೊಬ್ಬನ ಕಿವಿಗೆ ಹೋಗಬೇಕು. ಅಂದ್ರನ ಗಾಡಿ ಉಳೀತೈತಿ" ಎನ್ನುತ್ತಿದ್ದರು ಅಪ್ಪ. ನಮ್ಮ ಮನೆಗೂ ಅದೇ ಕಾಯಿದೆ. ಎಸ್ಪ್ಲನೇಡಿನಲ್ಲಿ ರಸ್ತೆ ದಾಟುವಾಗ ಅವರು ಕೈ ಚಾಚಿ "ಬಲಕ್ಕ ಮಿನಿಬಸ್" ಎಂದರೆ ನಾನು "ಬಲಕ್ಕ ಮಿನಿಬಸ್" ಎನ್ನಬೇಕು, ಇಲ್ಲವಾದರೆ ಹೆಜ್ಜೆ ಮುಂದಿಡುವಂತಿಲ್ಲ. ಜನ ತಿರುಗಿ ನೋಡುತ್ತಿದ್ದರು. ನಾಚಿಕೆಯಿಂದ ಸತ್ತೇಹೋಗಲೇ ಅನ್ನಿಸುತ್ತಿತ್ತು, ಆದರೂ ಬಾಯಿ ತಾನಾಗಿ ಕೂಗಿಬಿಡುತ್ತಿತ್ತು.

ಒಂದು ಬೆಳಿಗ್ಗೆ ಅವ್ವ ಬಚ್ಚಲಿನಿಂದಲೇ "ಹಾಲು ಉಕ್ಕಾಕತ್ತಾವು" ಎಂದಳು. ಪೇಪರಿನ ಹಿಂದಿನಿಂದ ಅಪ್ಪ "ಹಾಲು ಉಕ್ಕಾಕತ್ತಾವು" ಎಂದರು. ನಾನೂ ಪುಸ್ತಕದಿಂದ ತಲೆಯೆತ್ತದೆ "ಹಾಲು ಉಕ್ಕಾಕತ್ತಾವು" ಎಂದೆ. ಇಬ್ಬರೂ ಕೂತಲ್ಲಿಂದ ಅಲ್ಲಾಡಲಿಲ್ಲ. "ಬರೇ ಒದರಿದ್ರ ಗ್ಯಾಸ್ ಆರತೈತೇನು?" ಎಂದು ಅವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. ಅಷ್ಟರಲ್ಲಿ ಅರ್ಧ ಪಾತ್ರೆ ಖಾಲಿ.

ಡಿಗ್ರಿ ಮುಗಿಸಿ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಕೆಲಸಕ್ಕೆ ಸೇರಿದೆ. ಗಾಜಿನ ಕಟ್ಟಡಗಳು ಅಣಬೆ ಎದ್ದ ಹಾಗೆ ಏಳುತ್ತಿದ್ದ ಕಾಲ. ಕತ್ತಿನಲ್ಲಿ ಕಂಪನಿಯ ಗುರುತಿನ ಚೀಟಿಯ ಪಟ್ಟಿ ನೇತುಬಿಟ್ಟುಕೊಂಡವರೆಲ್ಲ ಗೆದ್ದವರು. ನನ್ನ ಪಟ್ಟಿ ಮಾತ್ರ ನನ್ನನ್ನು ಬೆಹಾಲಾದ ಸಣ್ಣ ವಿಮಾನ ಮೈದಾನಕ್ಕೆ ಎಳೆದೊಯ್ಯುತ್ತಿತ್ತು. ಸಂಬಳವೆಲ್ಲ ಅಲ್ಲಿ ವಿಮಾನ ಕಲಿಯುವ ಹಾರಾಟದ ಗಂಟೆಗಳಾಗಿ ಕರಗಿತು. ಕೊನೆಗೂ ಲೈಸೆನ್ಸ್ ಕೈಗೆ ಬಂತು, ಆದರೆ ಕೆಲಸ ಬರಲಿಲ್ಲ. ದೊಡ್ಡ ವಿಮಾನದವರಿಗೆ ದೊಡ್ಡ ವಿಮಾನ ಹಾರಿಸಿದವರೇ ಬೇಕು. ಎರಡು ವರ್ಷ ಅರ್ಜಿ ಹಾಕಿದೆ. "ಪೈಲಟ್ ಆಗಿದ್ದೀಯಂತೆ, ಎಲ್ಲಿ ಹಾರಿಸ್ತೀಯ?" ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಪೇಪರಿನ ಮೂಲೆಯಲ್ಲಿ ಕಂಡದ್ದು ಆ ಜಾಹೀರಾತು. ಕರಾವಳಿಯ ಗಸ್ತು ಹಾರಾಟಕ್ಕೆ ಪೈಲಟ್‌ಗಳು ಬೇಕಾಗಿದ್ದಾರೆ. ಎರಡು ಇಂಜಿನ್ನಿನ ಪುಟ್ಟ ವಿಮಾನ, ಪ್ರಯಾಣಿಕರಿಲ್ಲ. ಸಮುದ್ರದ ಮೇಲೆ ತಗ್ಗಿನಲ್ಲಿ ಗಂಟೆಗಟ್ಟಲೆ ಹಾರುತ್ತ ಯಾವ ದೋಣಿ ಗಡಿ ದಾಟಿತು, ಯಾವ ಹಡಗು ನೀರಿಗೆ ಎಣ್ಣೆ ಬಿಟ್ಟಿತು, ಯಾರು ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದರು ಎಂದು ನೋಡುವುದು, ನೋಡಿದ್ದನ್ನು ಹೇಳುವುದು. ನಾನು ಆ ಪೇಪರನ್ನು ತಾರಸಿಗೆ ಒಯ್ದು ಮತ್ತೆ ಮತ್ತೆ ಓದಿದೆ. ಹನ್ನೆರಡನೇ ವಯಸ್ಸಿನಿಂದ ನಾನು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಸಂಬಳವನ್ನೂ ಕೊಡುತ್ತಾರಂತೆ.

"ಹೆಣ್ಣುಹುಡುಗಿ ಸಮುದ್ರದ ಮ್ಯಾಲ ಕಾಗಿ ಹಂಗ ತಿರುಗತಾಳಂತ" ಎಂದು ಅವ್ವ ಹಣೆ ಚಚ್ಚಿಕೊಂಡಳು.

"ಇದೊಂದ ಕಡೀದು ಅವ್ವಾ. ಇದೂ ಆಗಲಿಲ್ಲಂದ್ರ ಲೈಸೆನ್ಸ್ ಟ್ರಂಕಿನ್ಯಾಗ ಇಟ್ಟು ಸುಮ್ಮನಾಗ್ತೀನಿ" ಎಂದೆ.

"ಕೀಲಿ ನನ್ನ ಕಡೆ ಕೊಡಬೇಕ ಮತ್ತ" ಎಂದಳು. ಕೊಡುತ್ತೇನೆಂದು ಆಣೆ ಮಾಡಿದೆ.

ಲಿಖಿತ ಪರೀಕ್ಷೆ ಆಯಿತು, ವೈದ್ಯಕೀಯ ಪರೀಕ್ಷೆ ಆಯಿತು. ಉಳಿದದ್ದು ಸಮುದ್ರದ ಮೇಲೆ ಒಂದು ಹಾರಾಟ. ಚೈತ್ರದ ಒಂದು ಬೆಳಿಗ್ಗೆ ದಮ್‌ದಮ್ ವಿಮಾನ ನಿಲ್ದಾಣದಿಂದ ಹೊರಟೆವು. ಎಡಗಡೆಯ ಸೀಟಿನಲ್ಲಿ ಪರೀಕ್ಷಕರು, ನೆರೆತ ಮೀಸೆಯ, ಮಾತು ಕಡಿಮೆಯ ಹಿರಿಯ ಪೈಲಟ್. ಬಲಗಡೆ ನಾನು. ಕೆಳಗೆ ಊರಿಗೆ ಊರೇ ಇನ್ನೂ ಹೊಗೆಮಂಜಿನಡಿ ಮಲಗಿತ್ತು. ಗಾರ್ಡನ್ ರೀಚಿನ ಮೇಲೆ ಬಂದಾಗ ನಮ್ಮ ಮನೆಯನ್ನು ಹುಡುಕಿದೆ, ಸಿಗಲಿಲ್ಲ. ಗೋದಾಮುಗಳ ಸಾಲು ಸಿಕ್ಕಿತು. ಅದರ ಆಚೆಗೆ ನೀರಿತ್ತು, ನೀರಿನ ಮೇಲೆ ಇಡೀ ಹಡಗಿತ್ತು. ಅದರ ಹಿಂದೆ ಸೆರಗಿನ ಹಾಗೆ ಬಿಚ್ಚಿಕೊಂಡ ನೊರೆಯೂ ಇತ್ತು. ಇಷ್ಟು ವರ್ಷ ಅರ್ಧವೇ ಕಂಡದ್ದು ಅಂದು ಪೂರಾ ಕಂಡಿತು. ಕಣ್ಣು ತುಂಬಿ ಬಂದವು, ಆದರೆ ಒರೆಸಿಕೊಳ್ಳುವಂತಿರಲಿಲ್ಲ.

ಸಾಗರ ದ್ವೀಪ ದಾಟಿದ ಮೇಲೆ ಕೆಸರು ಬಣ್ಣದ ನೀರು ಮೆಲ್ಲಗೆ ಹಸಿರಾಯಿತು. ಆಕಾಶ ಎಲ್ಲಿ ಮುಗಿದು ಸಮುದ್ರ ಎಲ್ಲಿ ಶುರುವಾಯಿತೆಂದು ಹೇಳುವುದೇ ಕಷ್ಟ. ಇಂಜಿನ್ನಿನ ಸದ್ದು ಜೋಗುಳದಂತೆ ಒಂದೇ ಸಮನೆ. ನಾನು ಹಾರುತ್ತಿದ್ದೇನೋ, ಬೇಸಿಗೆಯ ಮಧ್ಯಾಹ್ನ ತಾರಸಿಯ ಮೇಲೆ ಕೂತಿದ್ದೇನೋ ಎನ್ನುವ ಹಾಗಾಗಿತ್ತು.

"ಎರಡು ಗಂಟೆಯ ದಿಕ್ಕಿಗೆ ಒಂದು ಮರದ ದೋಣಿ" ಎಂದರು ಪರೀಕ್ಷಕರು. ವಿಮಾನದಲ್ಲಿ ದಿಕ್ಕನ್ನು ಗಡಿಯಾರದ ಮುಳ್ಳಿನಂತೆ ಹೇಳುವುದು ರೂಢಿ. ನೇರ ಮುಂದೆ ಹನ್ನೆರಡು, ನೇರ ಬಲಕ್ಕೆ ಮೂರು, ಅವುಗಳ ನಡುವೆ ಎರಡು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಚಾಚಿಕೊಂಡಿತು. "ಎರಡು ಗಂಟೆಯ ದಿಕ್ಕಿಗೆ ಮರದ ದೋಣಿ" ಎಂದು ಗಟ್ಟಿಯಾಗಿ ಕೂಗಿದೆ.

"ಎಷ್ಟು ಜನ ಇದ್ದಾರೆ ಅದರಲ್ಲಿ?"

ನಾನು ಆಗ ನೋಡಿದೆ. ಕೂಗಿದ ಮೇಲೆ. ನನ್ನ ಕೈ ತೋರುತ್ತಿದ್ದ ಕಡೆ ಬಿಸಿಲಿಗೆ ಹೊಳೆಯುವ ನೀರು ಬಿಟ್ಟರೆ ಏನೂ ಇರಲಿಲ್ಲ. ಕಾಣದಿದ್ದರೆ "ಕಾಣಲಿಲ್ಲ, ಹುಡುಕುತ್ತಿದ್ದೇನೆ" ಎನ್ನಬೇಕೆಂಬುದು ಗಸ್ತು ಹಾರಾಟದ ಮೊದಲ ಪಾಠ. ಮೂರೋ ನಾಲ್ಕೋ ಎಂದುಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ನಾಲ್ಕು ಅನ್ನುವುದು ತುಟಿಯವರೆಗೂ ಬಂದಿತ್ತು. ಅವ್ವನಿಗೆ ಕೊಡಬೇಕಾದ ಟ್ರಂಕಿನ ಕೀಲಿಯೂ ಕಣ್ಣ ಮುಂದೆ ಬಂತು.

"ಸರ್, ನನಗೆ ದೋಣಿ ಕಾಣಲಿಲ್ಲ" ಎಂದೆ. "ನೋಡದೇ ಹೇಳಿದೆ. ನನ್ನ ತಂದೆ ರೈಲು ಓಡಿಸುತ್ತಿದ್ದರು. ಯಾರಾದರೂ ಕೂಗಿದ್ದನ್ನು ತಿರುಗಿ ಕೂಗುವುದು ನಮ್ಮ ಮನೆಯ ಅಭ್ಯಾಸ."

ಅವರು ನನ್ನತ್ತ ತಿರುಗಲೂ ಇಲ್ಲ. ಮಂಡಿಯ ಮೇಲಿನ ಕಾಗದದಲ್ಲಿ ಏನೋ ಗೀಚಿದರು. ವಿಮಾನವನ್ನು ವಾಪಸು ತಿರುಗಿಸಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ನನ್ನನ್ನು ನೋಡಿಯೇ ಮಾಡಿದ ಗಾದೆ.

ಅಂದು ಸಂಜೆ ಅಪ್ಪ ತಾರಸಿಗೇ ಬಂದರು. "ಏನಾತು?" ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ.

"ಕಾಣಲಿಲ್ಲಂದ್ರ ಮತ್ಯಾಕ ಒದರಿದಿ?"

ನನ್ನ ಸಿಟ್ಟು ನೆತ್ತಿಗೇರಿತು. "ಯಾಕಂದ್ರ? ನೀನ ಕಲಿಸಿದ್ದು" ಎಂದೆ.

"ನಾನ ಕಲಿಸಿದ್ದು" ಎಂದರು ಅಪ್ಪ, ಸಿಗ್ನಲ್ಲನ್ನು ತಿರುಗಿ ಕೂಗುವವರ ಹಾಗೆ, ಆದರೆ ಮೆಲ್ಲಗೆ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಆಡಿದ ಮಾತಿಗೆ ಆಗಲೇ ಪಶ್ಚಾತ್ತಾಪವಾಯಿತು, ಆದರೆ ಹಿಂದೆ ಕರೆಯುವಷ್ಟು ದೊಡ್ಡವಳಾಗಿರಲಿಲ್ಲ ನಾನು. ಮಾರನೆಯ ದಿನ ಅವ್ವನಿಗೆ ಟ್ರಂಕಿನ ಕೀಲಿ ಕೊಟ್ಟೆ.

ಆರು ವಾರದ ಮೇಲೆ ಪತ್ರ ಬಂತು. ಆಯ್ಕೆಯಾಗಿದ್ದೀರಿ, ತರಬೇತಿಗೆ ಹಾಜರಾಗಿ ಎಂದು ಬರೆದಿತ್ತು. ಬೇರೆ ಯಾರದೋ ಪತ್ರ ತಪ್ಪಿ ಬಂದಿರಬೇಕೆಂದು ಹೆಸರನ್ನು ಮೂರು ಸಲ ಓದಿದೆ. ಅವ್ವ ಸೊಂಟದಿಂದ ಕೀಲಿ ತೆಗೆದು ಕೈಗಿಟ್ಟಳು. ಆಮೇಲೆ ಅತ್ತಳು.

ನಾನು ಆಯ್ಕೆಯಾದ ಗುಟ್ಟು ತಿಳಿದದ್ದು ತರಬೇತಿಯ ಮೂರನೇ ತಿಂಗಳಲ್ಲಿ. ಆ ದಿನ ಅದೇ ನೆರೆತ ಮೀಸೆಯವರ ಜೊತೆ ಹಾರಾಟವಿತ್ತು. ಇಳಿದು ಚಹಾ ಕುಡಿಯುವಾಗ ತಾವಾಗಿಯೇ ಹೇಳಿದರು. "ನಿನ್ನ ಪರೀಕ್ಷೆಯ ವಾರ ಏಳು ಜನರನ್ನು ಒಯ್ದಿದ್ದೆ. ಇಲ್ಲದ ದೋಣಿಯನ್ನು ಏಳು ಜನಕ್ಕೂ ತೋರಿಸಿದೆ. ಏಳು ಜನಕ್ಕೂ ಕಂಡಿತು. ಒಬ್ಬ ಅದರಲ್ಲಿ ಐದು ಜನ ಇದ್ದಾರೆ ಎಂದ. ಇನ್ನೊಬ್ಬ, ಬಲೆ ಎಳೆಯುತ್ತಿದ್ದಾರೆ ಎಂದ. ಕಂಡಿಲ್ಲ ಎಂದು ಮಾತು ವಾಪಸು ತೆಗೆದುಕೊಂಡವಳು ನೀನೊಬ್ಬಳು."

ವಿಶ್ವಕರ್ಮ ಪೂಜೆಗೆ ರಜೆ ಸಿಕ್ಕಿ ಮನೆಗೆ ಬಂದೆ. ಆ ದಿನ ಕೊಲ್ಕತ್ತಾದ ಮಾಳಿಗೆಗಳೆಲ್ಲ ಗಾಳಿಪಟ ಹಾರಿಸುವವರಿಂದ ತುಂಬಿರುತ್ತವೆ. ಯಾವುದಾದರೂ ಪಟದ ದಾರ ಕಡಿದರೆ "ಭೋಕಾಟ್ಟಾ" ಎಂಬ ಕೇಕೆ ಮಾಳಿಗೆಯಿಂದ ಮಾಳಿಗೆಗೆ ಹಬ್ಬುತ್ತದೆ. ನಾನೂ ಅಪ್ಪನೂ ತಾರಸಿಯಲ್ಲಿ ಕೂತಿದ್ದೆವು. ಪರೀಕ್ಷಕರು ಹೇಳಿದ್ದನ್ನು ಅವರಿಗೆ ಹೇಳಿದೆ. ಅಪ್ಪ ನಕ್ಕಾರು ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ನನ್ನ ಇಳಿಸಿದ್ದು ಡಾಕ್ಟರ್ ಅಲ್ಲ" ಎಂದರು. "ನಾನ ಹೋಗಿ ಇಳೀತೀನಿ ಅಂದೆ."

ನಾನು ಅವರ ಕಡೆ ತಿರುಗಿದೆ.

"ಅದಕ್ಕೂ ಮೊದಲ ಆರು ತಿಂಗಳು ನನಗ ದೂರದ ಸಿಗ್ನಲ್ ಕಾಣ್ತಿದ್ದಿಲ್ಲ. ಅಸಿಸ್ಟೆಂಟ್ ಹಸಿರು ಅಂದ್ರ ಹಸಿರು ಅಂತಿದ್ದೆ. ಹಳದಿ ಅಂದ್ರ ಹಳದಿ. ಗಾಡಿ ನಡೀತಿತ್ತು. ಒಂದಿನ ಮುಂಜಾನೆ ಅವಗ ಕೆಮ್ಮು ಹತ್ತಿತು. ಕೈ ಚಾಚಿದ, ಮಾತು ಹೊರಡಲಿಲ್ಲ. ನಾ ತಿರುಗಿ ಏನಂತ ಒದರಲಿ? ಹಿಂದ ಡಬ್ಬಿ ತುಂಬ ಮಂದಿ. ಬ್ರೇಕ್ ಹಾಕಿಬಿಟ್ಟೆ."

"ಸಿಗ್ನಲ್ ಏನಿತ್ತು?"

"ಹಸಿರ ಇತ್ತಂತ. ಹಸಿರು ಸಿಗ್ನಲ್ಲಿಗೆ ಇಡೀ ಗಾಡಿ ನಿಲ್ಲಿಸಿದೆ. ಮರುದಿನ ದವಾಖಾನಿಗೆ ಹೋದೆ. ನೀ ಒಂದ ಉಸಿರಿನ್ಯಾಗ ಹೇಳಿದಿ. ನನಗ ಆರು ತಿಂಗಳು ಬೇಕಾತು."

"ಅವ್ವಗ ಹೇಳಲೇ ಇಲ್ಲೇನು?"

"ಆಕಿಗೆ ಬೈಯಾಕ ಒಬ್ಬರು ಬೇಕಿತ್ತು. ಡಾಕ್ಟರ್ ಪಾಪ, ದೂರ ಇದ್ದ."

ನನಗೆ ನಗು ಬಂತು. ತಲೆಯೆತ್ತಿ ಆಕಾಶ ನೋಡಿದೆ. ಗೋದಾಮುಗಳ ಮೇಲೆ ಒಂದು ಹಡಗು ಮೆಲ್ಲಗೆ ಸಾಗುತ್ತಿತ್ತು. ಅದಕ್ಕಿಂತ ಬಹಳ ಈಚೆಗೆ, ಪಕ್ಕದ ಮಾಳಿಗೆಯ ಮೇಲೇ, ಕೆಂಪು ಗಾಳಿಪಟವೊಂದು ಗಾಳಿಗೆ ತಲೆ ಅಲ್ಲಾಡಿಸುತ್ತಿತ್ತು. ಹಳೆಯ ಅಭ್ಯಾಸ, ಕೈ ತಾನಾಗಿ ಚಾಚಿಕೊಂಡಿತು.

"ಎರಡು ಗಂಟೆ ದಿಕ್ಕಿಗೆ, ಕೆಂಪು ಪಟ" ಎಂದೆ.

ಅಪ್ಪ ಆ ಕಡೆ ಮುಖ ತಿರುಗಿಸಿದರು. ತಿರುಗಿ ಕೂಗಲು ಬಾಯಿ ತೆರೆದರು, ಮುಚ್ಚಿದರು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು.

"ನನಗ ಕಾಣವಲ್ದು" ಎಂದರು.

ನಾನು ಅವರ ಪಕ್ಕಕ್ಕೆ ಸರಿದು ಕೂತೆ. ಅದು ಯಾರ ಮಾಳಿಗೆಯ ಮೇಲಿದೆ, ಎಷ್ಟು ಎತ್ತರದಲ್ಲಿದೆ, ದಾರ ಹಿಡಿದವರು ಯಾರು ಎಂದು ಒಂದೊಂದಾಗಿ ಹೇಳತೊಡಗಿದೆ. ಅಪ್ಪ ಏನನ್ನೂ ತಿರುಗಿ ಕೂಗಲಿಲ್ಲ, ಸುಮ್ಮನೆ ಕೇಳುತ್ತ ಕೂತರು.