ಲ್ಯಾಬ್ ಅಕ್ಕನ ಬೆಚ್ಚನೆ ಚೀಲ

ಬೆಳಗ್ಗೆ ಆರೂವರೆ. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆ ತೆರೆದು, ಲ್ಯಾಬ್ ಅಕ್ಕ ಮೊದಲು ಬೆಚ್ಚನೆಯ ಪೆಟ್ಟಿಗೆಯ ಸ್ವಿಚ್ ಹಾಕುತ್ತಾರೆ. ಅದು ಮೂವತ್ತೇಳು ಡಿಗ್ರಿಗೆ ಬರುವಷ್ಟರಲ್ಲಿ ಮೈಕ್ರೋಸ್ಕೋಪು ಒರೆಸಿ ಆಗಿರುತ್ತದೆ. ಹೊರಗೆ ಒಬ್ಬ ಗಂಡಸು ಆಗಲೇ ಬಂದು, ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ನಾಳೆ ಪರೀಕ್ಷೆಯಿದ್ದವನಂತೆ ಓದುತ್ತಿದ್ದಾನೆ.

“ಬನ್ನಿ ಅಣ್ಣ. ಮನೆ ಬಿಟ್ಟು ಎಷ್ಟು ಹೊತ್ತಾಯ್ತು?”

“ಅರ್ಧ ಗಂಟೆ.” ಅವನ ದನಿ ಅವನಿಗೇ ಕೇಳಿಸದು.

“ಭೇಷ್!” ಎಂದು ಅಕ್ಕ ಕೈಚಾಚುತ್ತಾರೆ. ಅವನ ಅಂಗಿಯೊಳಗಿನಿಂದ ಹೊರಬರುವುದು ಕಂಬಳಿ ಬಟ್ಟೆಯ ಪುಟ್ಟ ಚೀಲ. ಅದರೊಳಗೆ ಮುಚ್ಚಳ ಬಿಗಿದ ಡಬ್ಬಿ, ಡಬ್ಬಿಯೊಳಗೆ ವೀರ್ಯದ ಮಾದರಿ.

ಮಕ್ಕಳಾದ ದಂಪತಿ ಡಾಕ್ಟರನ್ನು ನೆನೆಯುತ್ತಾರೆ, ಸಿಹಿ ಹಂಚುತ್ತಾರೆ. ಅಕ್ಕನನ್ನು ಮಾತ್ರ ರಸ್ತೆಯಲ್ಲಿ ಕಂಡರೆ ಗಂಡಸರು ಆಚೆ ಬದಿಗೆ ದಾಟುತ್ತಾರೆ, ಪಾಪ! ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಮಾದರಿ, ಒಂದೊಂದರಲ್ಲೂ ಇನ್ನೂರು ವೀರ್ಯಾಣುವಿನಂತೆ ಎರಡು ಸಲ ಎಣಿಕೆ. ಎಷ್ಟು ಈಜುತ್ತಿವೆ, ಎಷ್ಟು ಸುಮ್ಮನೆ ಬಿದ್ದಿವೆ ಎಂದು ನೋಡೀ ನೋಡೀ ಕತ್ತು ಹಿಡಿದುಕೊಂಡಿದೆ.

ಈ ಕೆಲಸ ಕಲಿಯುವ ಮುಂಚೆ ಅವರೂ ಒಂಬತ್ತು ವರ್ಷ ಮಾತ್ರೆ ನುಂಗಿದವರೇ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಲ್ಲ, ಹಂಗಾಗಿತ್ತು ನನ್ನ ಬಾಳು. ಕೊನೆಗೆ ಇವರೇ ಹೋಗಿ ಪರೀಕ್ಷೆ ಮಾಡಿಸಿದ್ರು. ಸೊನ್ನೆ! ಹರೆಯದಲ್ಲಿ ಬಂದಿದ್ದ ಗದ್ದಬಾವು ವೃಷಣಕ್ಕೆ ಇಳಿದಿತ್ತಂತೆ. ಮನೆಮಂದಿಯೆಲ್ಲಾ ಇದ್ದಾಗ ‘ಕೊರತೆ ಇವಳದ್ದಲ್ಲ, ನನ್ನದು’ ಅಂದುಬಿಟ್ರು. ಅವತ್ತು ಇವರ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಇಳಿದಿಲ್ಲ.”

ಇವರು ಎಂದರೆ ಅಕ್ಕನ ಯಜಮಾನರು, ದರ್ಜಿ. ಅವರದು ಎರಡು ಹೊಲಿಗೆ ಯಂತ್ರದ ಪುಟ್ಟ ಅಂಗಡಿ. “ಗಂಡಸರು ಹೆಂಡತಿ ಜೊತೆಗೇ ಮೊದಲ ದಿನವೇ ಪರೀಕ್ಷೆಗೆ ಬರ್ಲಿ, ಅದೊಂದೇ ನನ್ನಾಸೆ” ಎನ್ನುತ್ತಾರೆ ಅಕ್ಕ.

ಈಗ ಎಲ್ಲರಿಗೂ ಕೊಡುವ ಕಂಬಳಿ ಚೀಲದ ಕಥೆ ಶುರುವಾದದ್ದು ನಾಲ್ಕು ವರ್ಷದ ಹಿಂದೆ, ಗಾಡಿಯಲ್ಲಿ ಐಸ್‌ಕ್ರೀಂ ಮಾರುವವನೊಬ್ಬ ಬಂದಾಗ. ಬಂಜೆ ಎಂದು ಹೆಸರಿಟ್ಟು ಅವನ ಹೆಂಡತಿಯನ್ನು ತವರಿಗಟ್ಟಲು ಅವಳ ಅತ್ತೆ ತುದಿಗಾಲಲ್ಲಿ ನಿಂತಿದ್ದಳು. ಇವನು ಯಾರಿಗೂ ಹೇಳದೆ ಡಬ್ಬಿ ಹಿಡಿದು ಬಂದಿದ್ದ. ಮೈಕ್ರೋಸ್ಕೋಪಿನಲ್ಲಿ ಒಂದೂ ಮಿಸುಕಲಿಲ್ಲ. ಪೆನ್ನೆತ್ತಿದ ಅಕ್ಕನಿಗೆ ಏನನ್ನಿಸಿತೋ, ಹೊರಗೆ ಬಂದು ಕೇಳಿದರು: “ಅಣ್ಣ, ಇದನ್ನ ಹೇಗೆ ತಂದ್ರಿ?”

“ಐಸ್ ಪೆಟ್ಟಿಗೇಲಿ ಅಕ್ಕ. ಕೆಡಬಾರದಲ್ವಾ?”

ಅವನ ಕಸುಬಿನಲ್ಲಿ ತಂಪೇ ದೇವರು. ಈ ಜೀವಗಳಿಗೋ ತಂಪೇ ವೈರಿ. ಅಕ್ಕ ನಗಲಿಲ್ಲ, ಈ ಪರೀಕ್ಷೆ ಲೆಕ್ಕಕ್ಕಿಲ್ಲವೆಂದು ಫಾರಂ ಹರಿದು ಹಾಕಿದರು. ಮನೆಯಲ್ಲಿ, ಯಾರೆಂದು ಹೇಳದೆ, ನಡೆದದ್ದು ಹೇಳಿದಾಗ ದರ್ಜಿ ಹಳೆಯ ಕಂಬಳಿ ಕತ್ತರಿಸಿ ಚೀಲ ಹೊಲಿದು ಮುಂದಿಟ್ಟರು. ಮರುದಿನ ಅಕ್ಕ ಐಸ್‌ಕ್ರೀಂ ಕೊಳ್ಳುವ ನೆಪದಲ್ಲಿ ಗಾಡಿಯ ಬಳಿ ಹೋಗಿ, “ಇದರಲ್ಲಿಟ್ಟು ಎದೆಗೆ ಒತ್ತಿಕೊಂಡು ಬನ್ನಿ” ಎಂದು ಕೈಗಿತ್ತರು.

ಈ ಸಲ ಅಲ್ಲೊಂದು ಇಲ್ಲೊಂದು ಈಜುತ್ತಿದ್ದವು. ಕಡಿಮೆ, ಆದರೆ ಸೊನ್ನೆಯಲ್ಲ. ವೃಷಣದ ಮೇಲಿನ ರಕ್ತನಾಳ ಊದಿಕೊಂಡು ಅಲ್ಲಿ ಬಿಸಿ ಏರುತ್ತಿದೆ ಎಂದು ಡಾಕ್ಟರು ಕಂಡುಹಿಡಿದರು. ಸಣ್ಣ ಆಪರೇಷನ್ ಆಯಿತು, ಬೀಡಿ ಬಿಡಿಸಿದರು. ಹೊಸ ವೀರ್ಯಾಣು ತಯಾರಾಗಲು ಮೂರು ತಿಂಗಳು ಬೇಕು ಎಂದರು. ಅವನು ಕಾದ. ಅವನ ಹೆಂಡತಿ ತವರಿಗೆ ಹೋಗಲಿಲ್ಲ.

ಆಮೇಲೆ ಬಹಳ ದಿನ ಸುಳಿವಿಲ್ಲ. ಒಂದು ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದಾನೆ. “ಅಕ್ಕ, ಇನ್ನೊಂದು ಚೀಲ ಬೇಕಿತ್ತು.”

“ಅಬ್ಬಬ್ಬಾ! ಎರಡನೇದಕ್ಕೆ ಈಗಲೇ ಅವಸರವಾ?”

“ಅಯ್ಯೋ ಅಲ್ಲಕ್ಕ! ಆ ಚೀಲ ಒಗೆದು ಮಗಳ ಕಾಲಿಗೆ ಹಾಕಿದೀವಿ, ಅಳತೆ ತಗೊಂಡು ಹೊಲಿದ ಹಾಗಿದೆ. ಇನ್ನೊಂದು ಕಾಲು ಬರಿದು.”

ಅಕ್ಕ ಇದನ್ನು ಅಂಗಡಿಗೆ ಹೋಗಿ ಹೇಳಿದಾಗ, ದರ್ಜಿ ಕಾಯುತ್ತಿದ್ದ ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿದರು. ಕಂಬಳಿ ಹರಡಿ, ಕನ್ನಡಕ ಒರೆಸಿಕೊಂಡು, ಕತ್ತರಿ ಹಿಡಿದರು.

“ಒಂದು ಸಾಕಂತೆ” ಎಂದರು ಅಕ್ಕ.

“ಎಲ್ಲಿ ಸಾಕಾಗುತ್ತೆ ಕಣೇ, ಮಕ್ಕಳ ಕಾಲು ಬೇಗ ಬೆಳೆಯುತ್ತೆ” ಎಂದವರೇ, ಮೂರು ಅಳತೆಯಲ್ಲಿ ಮೂರು ಜೊತೆ ಹೊಲಿದರು.