ಪುಸ್ತಕದೊಳಗಿನ ಜೋಳದ ಹಿಟ್ಟು

ನಮ್ಮ ಮನೆಯ ಶೋಕೇಸಿನಲ್ಲಿ ಐದು ಪುಸ್ತಕಗಳಿವೆ, ಪಕ್ಕದಲ್ಲಿ ಮಡಿಚಿಟ್ಟ ಒಂದು ಶಾಲು. ಬಂದವರೆಲ್ಲ ಅದನ್ನು ನೋಡಿ, ಗುರುಲಿಂಗಪ್ಪ ಭಾರಿ ಓದಿಕೊಂಡವರು ಎನ್ನುತ್ತಾರೆ. ಐದೂ ಪುಸ್ತಕಗಳ ಮೊದಲ ಹಾಳೆಯಲ್ಲಿ ನನ್ನ ಹೆಸರಿದೆ. ಶಾಲೆ ಬಿಟ್ಟ ಮೇಲೆ ನಾನು ಒಂದೇ ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಇಷ್ಟು ಹೇಳಿಬಿಟ್ಟರೆ ಮುಂದಿನದು ಸಲೀಸಾಗುತ್ತದೆ ಅಂದುಕೊಂಡಿದ್ದೆ. ಆಗುತ್ತಿಲ್ಲ.

ಓದಿದವಳು ನನ್ನ ಹೆಂಡತಿ ಸೂಗಮ್ಮ. ಇದು ಅವಳ ಕಥೆ. ಅದನ್ನು ನಾನು ಹೇಳಲು ಕೂತದ್ದೂ ಒಂದು ನಾಚಿಕೆಗೇಡೇ. ಅವಳ ಮಾತನ್ನು ನನ್ನ ಬಾಯಿಂದ ಹೇಳಿಯೇ ನಾನು ಕೆಟ್ಟದ್ದು.

ಅವಳ ತವರು ಮೋರಖಂಡಿ. ಏಳನೆಯ ತರಗತಿಗೆ ಶಾಲೆ ಬಿಡಿಸಿದರು. ಅಣ್ಣ ಸಂಗಪ್ಪನನ್ನು ಮಾತ್ರ ಬಸವಕಲ್ಯಾಣದ ಹೈಸ್ಕೂಲಿಗೆ ಕಳಿಸಿದರು. ಅವನು ಸಂಜೆ ಪಾಟಿಚೀಲ ಎಸೆದು ಆಡಲು ಓಡಿದ ಕೂಡಲೇ ಇವಳು ಅದನ್ನು ಬಿಚ್ಚಿ ಕೂರುವಳು. ಪುಸ್ತಕದ ಮೇಲೆಲ್ಲ ಅವನ ಹೆಸರು. ಪುಣ್ಯಾತ್ಮ ಹತ್ತನೆಯ ತರಗತಿಯಲ್ಲಿ ಎರಡು ಸಲ ನಪಾಸಾದ. ಹಾಗಾಗಿ ಅದೇ ಪಾಠಗಳನ್ನು ಸೂಗಮ್ಮ ಮೂರು ವರ್ಷ ಓದಿದಳು. ಈಗಲೂ ಅವುಗಳಲ್ಲಿ ಅರ್ಧ ಅವಳಿಗೆ ಬಾಯಿಪಾಠ. ಸಂಗಪ್ಪನಿಗೆ ಪಾಠದ ಹೆಸರೂ ನೆನಪಿಲ್ಲ.

ಮದುವೆಯಾದಾಗ ನಾನು ಹುಮನಾಬಾದಿನ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸಕ್ಕಿದ್ದೆ. ಮನೆ ಬಸವಕಲ್ಯಾಣದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಹುಮನಾಬಾದಿನಲ್ಲಿ ಬಸ್ಸಿಳಿದು ನಡೆಯುವ ದಾರಿಯಲ್ಲೇ, ಕಾಳಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ, ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ವಾಚನಾಲಯವಿತ್ತು. ಹೆಣ್ಣುಮಕ್ಕಳು ಬರಬಾರದು ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಬೆಂಚುಗಳ ತುಂಬ ಗಂಡಸರು ಕಾಲು ಚಾಚಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಅಷ್ಟೇ ಸಾಕಿತ್ತು. ನಾನು ಅಲ್ಲಿ ಒಬ್ಬ ಹೆಂಗಸನ್ನೂ ಕಂಡವನಲ್ಲ.

“ನಿಮ್ಮ ದಾರ್ಯಾಗೇ ಅದ ಅಂತಲ್ರಿ,” ಎಂದು ಸೂಗಮ್ಮ ತೊಂಬತ್ತೆರಡರಲ್ಲಿ ಒಂದು ದಿನ ಕೇಳಿದಳು. “ನಿಮ್ಮ ಹೆಸರಿಲೇ ಕಾರ್ಡ್ ಮಾಡಸ್ರಿ. ನಾ ಓದ್ತೀನಿ.”

ಮಾಡಿಸಿದೆ. ವಾರಕ್ಕೆ ಎರಡು ಪುಸ್ತಕ. ಬೇಕಾದದ್ದನ್ನು ಅವಳು ಚೀಟಿಯಲ್ಲಿ ಬರೆದುಕೊಡುವಳು, ನಾನು ತರುವೆ. ಅವಳಿಗೆ ಓದಲು ಪುರುಸೊತ್ತು ಸಿಗುತ್ತಿದ್ದದ್ದು ರೊಟ್ಟಿ ಬಡಿಯುವಾಗ. ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿ, ಕೈ ರೊಟ್ಟಿಯ ಮೇಲೆ, ಕಣ್ಣು ಹಾಳೆಯ ಮೇಲೆ. ನಮ್ಮ ಮಗಳು ಶೀತಲ್ ತುಸು ದೊಡ್ಡವಳಾದ ಮೇಲೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಅವ್ವ “ಹೂಂ” ಅಂದರೆ ಹಾಳೆ ತಿರುವುವುದು ಅವಳ ಕೆಲಸ. ಒಂದು ರೊಟ್ಟಿಯೂ ಸೀದದ್ದು ನನಗೆ ನೆನಪಿಲ್ಲ.

ಆದರೆ ಹಾಳೆಗಳ ನಡುವೆ ಹಿಟ್ಟು ಬೀಳುತ್ತಿತ್ತು. ವಾಚನಾಲಯ ನೋಡಿಕೊಳ್ಳುತ್ತಿದ್ದ ಶಂಶುದ್ದೀನ್ ಸಾಹೇಬರು ಪುಸ್ತಕ ವಾಪಸು ಪಡೆಯುವಾಗ ಅದನ್ನು ತಲೆಕೆಳಗೆ ಮಾಡಿ ಜಾಡಿಸುವರು. ಮೇಜಿನ ಮೇಲೆ ಬೆಳ್ಳಗೆ ಉದುರುವುದು.

“ಏನ್ರಿ ಗುರುಲಿಂಗಪ್ಪ, ರೊಟ್ಟಿ ಬಡಕೋತ ಓದ್ತೀರೇನು?”

“ಊಟಕ್ಕ ಕೂತಾಗ ಓದ್ತೀನ್ರಿ ಸಾಬ್ರ,” ಎಂದೆ. ಮೊದಲನೆಯ ಸುಳ್ಳು ಅದು. ಹೆಂಡತಿಗೆ ಪುಸ್ತಕ ಹೊರುವವನು ಅನ್ನಿಸಿಕೊಳ್ಳಲು ನನಗೆ ಕಸಿವಿಸಿ. ಎಂಥ ಗಂಡಸ್ತನ ನೋಡಿ!

ಎರಡನೆಯ ಸುಳ್ಳು ಕಾರ್ಖಾನೆಯಲ್ಲಿ ಶುರುವಾಯಿತು. ಜೊತೆಗಾರ ಮಚ್ಚೇಂದ್ರ ನನ್ನ ಚೀಲದಲ್ಲಿ ಪುಸ್ತಕ ಕಂಡು, “ಏನ್ ಕತಿ ಅದ ಇದರಾಗ?” ಎಂದು ಕೇಳಿದ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಮನೆಗೆ ಬಂದು ಸೂಗಮ್ಮನನ್ನು ಕೇಳಿದೆ. ಗಂಡ ತನ್ನ ಓದಿನ ಬಗ್ಗೆ ಕೇಳಿದನಲ್ಲ ಎಂದು ಅವಳ ಮುಖ ಅರಳಿತು. ಊಟಕ್ಕೆ ಬಡಿಸುತ್ತ ಬಡಿಸುತ್ತ ಕತೆ ಹೇಳಿದಳು. ಯಾರು ಮಾಡಿದ್ದು ಸರಿ, ಬರೆದವರು ಎಲ್ಲಿ ಅವಸರ ಮಾಡಿದರು, ಎಲ್ಲವನ್ನೂ ಹೇಳಿದಳು. ಮರುದಿನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅದನ್ನೇ ನಾನು ಮಚ್ಚೇಂದ್ರನಿಗೂ ಉಳಿದವರಿಗೂ ಒಪ್ಪಿಸಿದೆ. ಅವತ್ತಿನಿಂದ ನಾನು ‘ಪಂಡಿತ’. ತಲೆಗೆ ಕೋಡು ಮೂಡಿತು. ನಾಲ್ಕು ವರ್ಷ ಹೀಗೇ ನಡೆಯಿತು. ಅವಳು ಹೇಳುತ್ತಿದ್ದಳು, ನಾನು ಹೊತ್ತುಕೊಂಡು ಹೋಗಿ ನನ್ನದೆಂದು ಹಂಚುತ್ತಿದ್ದೆ.

ತೊಂಬತ್ತಾರರ ನವೆಂಬರಿನಲ್ಲಿ ವಾಚನಾಲಯದವರು ವಾರ್ಷಿಕ ಸಭೆ ಇಟ್ಟುಕೊಂಡರು. ರಿಜಿಸ್ಟರ್ ತೆಗೆದು ನೋಡಿದರೆ ಎಲ್ಲರಿಗಿಂತ ಹೆಚ್ಚು ಪುಸ್ತಕ ಒಯ್ದವನು ನಾನೇ. ಉತ್ತಮ ಓದುಗ ಎಂದು ಸನ್ಮಾನ. ಸುದ್ದಿ ಕೇಳಿ ಸೂಗಮ್ಮ ನಕ್ಕಳು, ಆಮೇಲೆ ಟ್ರಂಕಿನಿಂದ ಮದುವೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಒಂದ್ ಮಾತು ನನ್ನ ಹೆಸರ ತಗೀರಿ. ಜಾಸ್ತಿ ಏನ್ ಬ್ಯಾಡ. ಬರೇ ಹೆಸರ.”

“ತಗೀತೀನಿ. ಅದೇನ್ ದೊಡ್ಡ ಮಾತು!” ಎಂದೆ.

ಮುನ್ನೂರು ಜನ ಸೇರಿದ್ದರು. ಕಾರ್ಖಾನೆಯ ಮಂದಿ ಮುಂದಿನ ಸಾಲಿನಲ್ಲಿ. ಹಿಂದೆ, ಬಾಗಿಲ ಹತ್ತಿರ, ಹೆಂಗಸರಿಗೆಂದು ಹಾಸಿದ ಜಮಖಾನೆ. ಶಾಲು ಹೊದಿಸಿದರು, ಐದು ಪುಸ್ತಕ ಕೊಟ್ಟರು, ಮೈಕು ಕೈಗೆ ಬಂತು. ಓದು ಅಂದರೆ ಏನು ಎಂದು ನಾಲ್ಕು ಮಾತು ಆಡಿದೆ. ನಾಲ್ಕೂ ಸೂಗಮ್ಮನವು. “ಬ್ಯಾರೇರ ಮನ್ಯಾಗ ಹತ್ತು ದಿನ ಇದ್ದು ಬಂದಂಗ ಆಗ್ತದ್ರಿ,” ಅನ್ನುವುದಂತೂ ಅವಳು ಹಿಂದಿನ ವಾರವಷ್ಟೇ ಸಾರು ಬಡಿಸುತ್ತ ಹೇಳಿದ್ದು. ಚಪ್ಪಾಳೆಯೋ ಚಪ್ಪಾಳೆ.

ಇನ್ನೇನು ಅವಳ ಹೆಸರು ಹೇಳಬೇಕು, ಹಿಂದಿನಿಂದ ಶೀತಲ್ ಎದ್ದು ನಿಂತು ಕೂಗಿದಳು. ಆಗ ಅವಳಿಗೆ ಆರು ವರ್ಷ.

“ಅಪ್ಪಾ ಓದಂಗಿಲ್ಲ! ಅವ್ವ ಓದ್ತಾಳ!”

ವೇದಿಕೆಯ ಮೇಲಿದ್ದ ಶಂಶುದ್ದೀನ್ ಸಾಹೇಬರು ಕುರ್ಚಿಯಲ್ಲೇ ನನ್ನ ಕಡೆ ಬಾಗಿ, ಮೆತ್ತಗೆ ಕೇಳಿದರು. “ಹೌದೇನ್ರಿ ಗುರುಲಿಂಗಪ್ಪ?” ಹಿಟ್ಟು ಜಾಡಿಸಿದ ಮನುಷ್ಯ, ಅವರಿಗೆ ಯಾವತ್ತೋ ಗೊತ್ತಾಗಿತ್ತು. ನಾನು ಹೂಂ ಅಂದಿದ್ದರೆ ಅವರೇ ಮುಂದಿನದನ್ನು ಹೇಳುತ್ತಿದ್ದರು. ಅದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಆಗ ಕಂಡದ್ದು ಮುಂದಿನ ಸಾಲಿನ ಮಚ್ಚೇಂದ್ರನ ಮುಖ ಮಾತ್ರ. ಅವನು ನನ್ನನ್ನೇ ನೋಡುತ್ತಿದ್ದ.

“ಹಂಗೇನಿಲ್ರಿ ಸಾಬ್ರ,” ಎಂದೆ ಮೈಕಿನಲ್ಲಿ. “ಅವರವ್ವ ಚಿತ್ರಾ ನೋಡ್ತಾಳ.”

ಮುನ್ನೂರು ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಥೂ ನನ್ನ ಜನ್ಮಕ್ಕಿಷ್ಟು! ಸೂಗಮ್ಮ ಮಗಳ ಕೈ ಹಿಡಿದು ಕೆಳಗೆ ಕೂರಿಸಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಬಸ್ಸಿನಲ್ಲಿ ಅವಳು ಜಗಳ ತೆಗೆಯಲಿಲ್ಲ. ಮನೆಯಲ್ಲೂ ಇಲ್ಲ. ತೆಗೆದಿದ್ದರೆ ನಾನೂ ದನಿ ಏರಿಸಿ ಹೇಗೋ ಪಾರಾಗುತ್ತಿದ್ದೆ. ಮುಂದಿನ ವಾರ ಚೀಟಿ ಕೇಳಿದೆ. “ಈ ವಾರ ಬ್ಯಾಡ್ರಿ,” ಎಂದಳು. ಅದರ ಮುಂದಿನ ವಾರವೂ ಅದೇ ಮಾತು. ನಾನೇ ಎರಡು ಪುಸ್ತಕ ಆರಿಸಿ ತಂದೆ. ಇಟ್ಟಲ್ಲೇ ಇದ್ದವು. ವಾಪಸು ಕೊಟ್ಟಾಗ ಶಂಶುದ್ದೀನ್ ಸಾಹೇಬರು ರೂಢಿಯಂತೆ ಜಾಡಿಸಿದರು. ಏನೂ ಉದುರಲಿಲ್ಲ. ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ರಿಜಿಸ್ಟರಿನಲ್ಲಿ ಗೆರೆ ಎಳೆದರು. ಆಮೇಲೆ ನಾನು ಆ ಮಾಳಿಗೆ ಹತ್ತಲಿಲ್ಲ.

ಕಾರ್ಖಾನೆಯಲ್ಲಿ ಒಂದು ಕಾದಂಬರಿಯ ಅರ್ಧ ಕತೆ ಹೇಳಿ ನಿಲ್ಲಿಸಿದ್ದೆ. “ಮುಂದೇನಾತೋ ಪಂಡಿತ?” ಎಂದು ಮಚ್ಚೇಂದ್ರ ದಿನಾ ಬೆನ್ನು ಹತ್ತಿದ. ಉಳಿದರ್ಧ ಸೂಗಮ್ಮನ ಹೊಟ್ಟೆಯಲ್ಲಿತ್ತು, ಕೇಳಲು ನನಗೆ ಮುಖವಿರಲಿಲ್ಲ. ಕೊನೆಗೆ, ಕತೆಯ ನಾಯಕಿ ಸತ್ತಳು, ಕತೆ ಮುಗಿಯಿತು ಎಂದುಬಿಟ್ಟೆ. ಮಚ್ಚೇಂದ್ರ ಪಾಪ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಒಮ್ಮೆ ಆ ಐದು ಪುಸ್ತಕಗಳ ಮೇಲಿನ ನನ್ನ ಹೆಸರು ಹೊಡೆದು ಅವಳ ಹೆಸರು ಬರೆಯಲು ಪೆನ್ನು ತೆಗೆದೆ. “ಗೀಚಿದ್ರ ಪುಸ್ತಕ ಕೆಡ್ತದ. ಇರ್ಲಿ ಬಿಡ್ರಿ, ಅವು ನಿಮ್ಮವೇ,” ಎಂದಳು. ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಿದ್ದಳು. ಬಿಚ್ಚಿ ಮಾತ್ರ ನೋಡಲಿಲ್ಲ.

ಎಂಟು ವರ್ಷ ಕಳೆದವು. ಅವಳು ಓದುವುದನ್ನೇ ಬಿಟ್ಟಳು ಅಂತ ನಾನು ತಿಳಿದಿದ್ದೆ. ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಓಣಿಯ ಅನ್ವರಿ ಟೀಚರಿಗೆ ಬೀದರಿಗೆ ವರ್ಗವಾಯಿತು. ಅವರ ಸಾಮಾನು ಲಾರಿಗೆ ಏರಿಸಿದ ಮರುದಿನ ಸೂಗಮ್ಮ ಬಂದು ನನ್ನೆದುರು ನಿಂತಳು.

“ಕಲ್ಯಾಣದ ಲೈಬ್ರರ್ಯಾಗ ಕಾರ್ಡ್ ಮಾಡಸ್ತೀನಿ. ವಿಳಾಸಕ್ಕ ರೇಷನ್ ಕಾರ್ಡ್ ತೋರಸ್ಬೇಕು, ಅದು ನಿಮ್ಮ ಹೆಸರಿಲೇ ಅದ, ನೀವು ಖುದ್ದು ಬರಬೇಕಂತ. ಬರ್ತೀರೇನು?”

“ನೀ ಓದೋದು ಬಿಟ್ಟಿದ್ದಿ ಅಲಾ?”

“ಯಾರಂದ್ರು? ಅನ್ವರಿ ಟೀಚರ್ ಮನ್ಯಾಗ ಓದ್ತಿದ್ದೆ. ಈಗ ಅವರಿಲ್ಲಲ್ಲ.”

ಟೀಚರ ಮನೆಗೆ ಹೊಲಿಗೆ ಕಲಿಯಲು ಹೋಗುತ್ತೇನೆ ಅನ್ನುತ್ತಿದ್ದಳು. ಎಂಟು ವರ್ಷದಲ್ಲಿ ಒಂದು ಜಂಪರೂ ಹೊಲಿದು ತಂದಿರಲಿಲ್ಲ. ನಾನು ಒಮ್ಮೆಯಾದರೂ ಕೇಳಿದ್ದರೆ ತಾನೇ!

ಲೈಬ್ರರಿಯಲ್ಲಿ ಅರ್ಜಿ ತುಂಬಿಯೇ ತಂದಿದ್ದಳು. ಜಾಮೀನುದಾರರ ಸಹಿ ಅನ್ನುವ ಕಡೆ ನಾನು ಪೆನ್ನು ಹಿಡಿದೆ. ಅಲ್ಲಿ ಅನ್ವರಿ ಟೀಚರರ ಸಹಿ ಆಗಲೇ ಬಿದ್ದಿತ್ತು. “ನಿಮಗ್ಯಾಕ ತ್ರಾಸ ಅಂತ,” ಎಂದಳು ಸೂಗಮ್ಮ. ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

ಗುಮಾಸ್ತ ಎಳೆಯ ಹುಡುಗ, ಒಳ್ಳೆಯವನು. ಕಾರ್ಡು ಬರೆದು, ರೂಢಿಯಂತೆ ನನ್ನ ಕಡೆ ತಿರುಗಿ ಕೇಳಿದ. “ಅಮ್ಮಾರಿಗಿ ಎಂಥಾ ಪುಸ್ತಕ ಕೊಡ್ಲಿ ಸರ್?”

ನಾನು ಬಾಯಿ ತೆಗೆಯುವ ಮೊದಲೇ ಸೂಗಮ್ಮ ಹೇಳಿದಳು. “ಚಿತ್ರಾ ಇದ್ದದ್ದು ಯಾವುದಾರ ಕೊಡಪ್ಪ. ನಾ ಚಿತ್ರಾ ನೋಡ್ತೀನಿ.”

ದನಿಯಲ್ಲಿ ಕೊಂಕು ಇರಲಿಲ್ಲ. ಎಂಟು ವರ್ಷ ಆ ಮಾತನ್ನು ಹಾಗೇ ಇಟ್ಟುಕೊಂಡಿದ್ದಳು.

“ಸುಳ್ಳದ ಅದು!” ಎಂದು ಕೂಗಿಬಿಟ್ಟೆ. “ಹುಮನಾಬಾದದಾಗ ನನ್ನ ಕಾರ್ಡಿನ ಮ್ಯಾಲ ತಂದ ಪುಸ್ತಕ ಎಲ್ಲಾ ಈಕೀನೇ ಓದಿದ್ದು. ನಾ ಒಂದೂ ಓದಿಲ್ಲ. ಈಕಿ ಹೇಳಿದ್ದು ಹೇಳಿ ನಾ ಶಾಲು ಹೊತ್ಗೊಂಡೆ. ಈಕಿ ಹೆಸರ ಸೂಗಮ್ಮ!”

ಪೇಪರ್ ಓದುತ್ತಿದ್ದ ನಾಲ್ಕು ಜನ ಮುದುಕರು ತಲೆ ಎತ್ತಿದರು. ಒಬ್ಬರು ಕನ್ನಡಕ ಸರಿಮಾಡಿಕೊಂಡು ಮತ್ತೆ ಪೇಪರಿಗೆ ಬಗ್ಗಿದರು.

“ಸರ್, ಜರಾ ಮೆಲ್ಲಕ ಮಾತಾಡ್ರಿ,” ಎಂದ ಗುಮಾಸ್ತ. “ಇಲ್ಲಿ ಮಂದಿ ಓದಾಕತ್ತಾರ.”

ಸೂಗಮ್ಮ ಅಷ್ಟರಲ್ಲಿ ಕಪಾಟುಗಳ ನಡುವೆ ಹೋಗಿದ್ದಳು. ಬಹಳ ಹೊತ್ತು ಆರಿಸಿದಳು. ಎರಡು ದಪ್ಪ ಪುಸ್ತಕ ತಂದು, ರಿಜಿಸ್ಟರಿನಲ್ಲಿ ತನ್ನ ಹೆಸರು ತಾನೇ ಬರೆದಳು. ಒಂದು ಚಿತ್ರವೂ ಇಲ್ಲದ ಪುಸ್ತಕಗಳು.

ಹೊರಗೆ ಬಂದ ಮೇಲೆ ಚೀಲಕ್ಕೆ ಕೈ ಚಾಚಿದೆ. “ಬ್ಯಾಡ್ರಿ, ನಾ ಹಿಡ್ಕೋತೀನಿ,” ಎಂದಳು. ಸ್ವಲ್ಪ ದೂರ ನಡೆದೆವು.

“ಇವತ್ತಾರ ಹೇಳಿದ್ನಲ್ಲ,” ಎಂದೆ.

“ಹೇಳಿದ್ರಿ,” ಎಂದು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. “ಅವತ್ತ ನಿಮ್ಮ ಕೈಯಾಗ ಮೈಕ್ ಇತ್ತರಿ.”