ಹತ್ತು ಹೆಜ್ಜೆ ದೂರದ ಸಾಕ್ಷಿ

ಕಾಲೇಜಿನಲ್ಲಿ ಪಾಠ ಹೇಳಲು ಹೊನ್ನಾವರಕ್ಕೆ ಬಂದ ಎಂಟನೆಯ ದಿನ, ಒಂದು ಭಾನುವಾರ ಮಧ್ಯಾಹ್ನ, ನನ್ನ ಮನೆಯ ಮಾಲೀಕ ಸುಬ್ರಾಯ ನಾಯ್ಕರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಹಲ್ಲಿನ ಸೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿಕೊಂಡರು. ಆಮೇಲೆ ತಾನು ಮೂರು ಲೋಕಗಳ ಒಡೆಯನೆಂದು ಹೇಳಿದರು. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಸೊಸೈಟಿಯ ಗುಮಾಸ್ತರು ಅದನ್ನು ಒಪ್ಪಲಿಲ್ಲ. ಇಬ್ಬರೂ ಒಂದೂವರೆ ತಾಸು ವಾದ ಮಾಡಿದರು. ಸುತ್ತ ಕೂತಿದ್ದವರಲ್ಲಿ ಯಾರೂ ನಗಲಿಲ್ಲ. ನಗು ಬಂದದ್ದು ನನಗೊಬ್ಬನಿಗೆ. ಪಕ್ಕದವರು ತಿರುಗಿ ನೋಡಿದ್ದರಿಂದ ಅದನ್ನು ಕೆಮ್ಮು ಮಾಡಿಕೊಂಡೆ.

ಇದಕ್ಕೆ ಇಲ್ಲಿ ತಾಳಮದ್ದಲೆ ಎನ್ನುತ್ತಾರೆ. ಯಕ್ಷಗಾನದಿಂದ ವೇಷ ಮತ್ತು ಕುಣಿತ ತೆಗೆದರೆ ಉಳಿಯುವುದು ಇದು. ಭಾಗವತರು ಒಂದು ಪದ್ಯ ಹಾಡುತ್ತಾರೆ. ಚಾಪೆಯ ಮೇಲೆ ಕೂತವನು ಆ ಪಾತ್ರವೇ ಆಗಿ ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳುತ್ತಾನೆ. ಬರೆದುಕೊಟ್ಟ ಮಾತು ಒಂದೂ ಇರುವುದಿಲ್ಲ. ಎದುರಾಳಿಗೆ ಉತ್ತರ ಹೊಳೆಯದಿದ್ದರೆ ಸೋತಂತೆ. ನಮ್ಮ ಇಂಡಿ ತಾಲ್ಲೂಕಿನಲ್ಲಿ ಹರದೇಶಿ ನಾಗೇಶಿಯವರು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ವಾದ ಹಾಡುವುದಿಲ್ಲವೇ, ಹಾಗೆಯೇ. ನಮ್ಮವರು ನಿಂತು ಹಾಡಿ ಜಗಳವಾಡುತ್ತಾರೆ. ಇವರು ಕೂತು, ಶುದ್ಧ ಗ್ರಾಂಥಿಕ ಕನ್ನಡದಲ್ಲಿ, ನಡುವೆ ಚಹಾ ಕುಡಿದು ಜಗಳವಾಡುತ್ತಾರೆ.

ಉಳಿದದ್ದನ್ನು ಕಲಿಯಲು ಹೆಚ್ಚು ಕಾಲ ಹಿಡಿಯಿತು. ನಮ್ಮಲ್ಲಿ ಒಗೆದ ಬಟ್ಟೆ ಹಗ್ಗಕ್ಕೆ ಹಾಕುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಒಣಗಿದ ಬಟ್ಟೆ ಉಟ್ಟ ಮೇಲೆ ಒದ್ದೆಯಾಗುತ್ತದೆ. ಅವ್ವ ಕಳಿಸಿದ ಜೋಳದ ಹಿಟ್ಟಿನಲ್ಲಿ ನಾನು ರೊಟ್ಟಿ ಬಡಿಯುವ ಸದ್ದಿಗೆ ನಾಯ್ಕರ ಹೆಂಡತಿ ಮಾದೇವಮ್ಮ ಮೊದಲ ದಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆಂದು ಓಡಿಬಂದಿದ್ದರು. ‘ಅಡ್ಡಿಲ್ಲ’ ಎಂಬ ಮಾತು ಚೆನ್ನಾಗಿದೆ, ಪರವಾಗಿಲ್ಲ, ಆಗಬಹುದು ಈ ಮೂರಕ್ಕೂ ಸಲ್ಲುತ್ತದೆ ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ನನ್ನ ಪಾಠ ಹೇಗಿದೆ ಎಂದು ಕೇಳಿದಾಗ ಹುಡುಗರು ಆ ಮಾತನ್ನೇ ಹೇಳಿದ್ದರು.

ಇನ್ನೊಂದು ಸಂಗತಿಯನ್ನು ಇದುವರೆಗೆ ಊರಿಗೆ ಬರೆದಿಲ್ಲ. ಈಗ ಬರೆಯುತ್ತೇನೆ.

ಕರಾವಳಿಗೆ ರೈಲು ಬಂದು ಆಗ ನಾಲ್ಕೈದು ವರ್ಷವಾಗಿತ್ತು. ಭಟ್ಕಳ ಕಡೆಯ ವಿದ್ಯಾರ್ಥಿಗಳಲ್ಲಿ ಹಲವರು ಬೆಳಗಿನ ಪ್ಯಾಸೆಂಜರಿನಲ್ಲಿ ಬರುತ್ತಿದ್ದರು. ಒಂದು ಮಂಗಳವಾರ ನಾನು ಅವ್ವ ಕಳಿಸಿದ ಹಿಟ್ಟಿನ ಚೀಲದ ವಿಚಾರಣೆಗೆಂದು ನಿಲ್ದಾಣಕ್ಕೆ ಹೋಗಿದ್ದೆ. ತೆಂಗಿನಗುಂಡಿಯಿಂದ ಬರುವ ಲಲಿತಾ, ಅಂತಿಮ ಬಿ.ಕಾಂ.ನವಳು, ರೈಲಿನಿಂದ ಇಳಿದಳು. ಅದೇ ತರಗತಿಯ ಪ್ರಶಾಂತ ಅವಳ ಎಡಗೈ ಮಣಿಕಟ್ಟು ಹಿಡಿದ. ಬಿಡು ಎಂದಳು. ಬಿಡಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಆಮೇಲೆ ಒಂದು ಬೆಳಿಗ್ಗೆ ಹೋಗಿ ಅಳೆದು ನೋಡಿದ್ದೇನೆ. ನಾನು ಗೋಡೆಯ ಕಡೆ ತಿರುಗಿ ರೈಲುಗಳ ವೇಳಾಪಟ್ಟಿ ಓದತೊಡಗಿದೆ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.

ಅವಳು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

“ಸರ್, ನೀವು ನೋಡಿದ್ರಿ ಅಲ್ಲ?”

ಹೌದೆಂದೆ.

“ಮನೇಲಿ ಗೊತ್ತಾದ್ರೆ ನಂದು ಕಾಲೇಜು ಮುಗೀತು. ಅಣ್ಣ ಅವಂಗೆ ಎಂತದೂ ಹೇಳೂದಿಲ್ಲ, ನನ್ನ ಬಿಡಿಸ್ತ. ಪರೀಕ್ಷೆಗೆ ಇನ್ನು ನಾಲ್ಕೇ ತಿಂಗ್ಳು. ನೀವು ಎಂತಾದ್ರೂ ಮಾಡಿ.”

ಮಾಡುವ ಅಧಿಕಾರವೂ ನನ್ನದೇ ಆಗಿತ್ತು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಗಂಡು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಒಂದು ಸಮಿತಿ ಮಾಡಬೇಕೆಂಬ ಸುತ್ತೋಲೆ ಬಂದು, ಎಲ್ಲರಿಗಿಂತ ಹೊಸಬನೆಂದು ಅದನ್ನು ನನ್ನ ಕೊರಳಿಗೆ ಕಟ್ಟಿದ್ದರು. ಮೊದಲ ಸಭೆಗೆ ಅರವತ್ತು ಹುಡುಗಿಯರೂ ಮೂವರು ಹುಡುಗರೂ ಬಂದಿದ್ದರು. ಒಬ್ಬ ಎನ್.ಸಿ.ಸಿ. ಸಭೆಯೆಂದು ತಪ್ಪು ತಿಳಿದವನು. ಇನ್ನೊಬ್ಬ ಆ ಕೋಣೆಯ ಫ್ಯಾನಿಗಾಗಿ ಬಂದವನು. ಮೂರನೆಯವನು ರಾಘವ, ಅದೇ ಬೆಳಗಿನ ಪ್ಯಾಸೆಂಜರಿನಲ್ಲಿ ಬರುವ ತೆಳ್ಳಗಿನ, ಮೆತ್ತಗಿನ ಹುಡುಗ, ಕರೆದಲ್ಲಿಗೆಲ್ಲ ಬರುವವನು.

ನಾಯ್ಕರಿಗೆ ಹೆಸರು ಹೇಳದೆ ಕಷ್ಟ ಹೇಳಿಕೊಂಡೆ. “ಭಾಷಣಕ್ಕೆ ಯಾವ ಗಂಡುಹುಡ್ಗ ಬತ್ತ ಮಾಸ್ತರ್ರೆ?” ಎಂದರು. “ವಾದಕ್ಕೆ ಕರೀರಿ.” ಅವರೇ ಒಂದು ಹೊಸ ಪ್ರಸಂಗ ಕಟ್ಟಿದರು: ಹೊಳೆಯ ದಾರಿಯಲ್ಲಿ ಕಾಮಕೇತು ಎಂಬ ರಾಜ ಸುಶೀಲೆ ಎಂಬವಳನ್ನು ತಡೆಯುತ್ತಾನೆ, ವಾದವಾಗುತ್ತದೆ, ಸುಶೀಲೆ ಗೆಲ್ಲುತ್ತಾಳೆ, ರಾಜ ನಾಚುತ್ತಾನೆ. ಪದ್ಯ ಹಾಡಲು ತಾವೇ ಬರುವುದಾಗಿ ಹೇಳಿದರು.

ಕಾಲೇಜಿನಲ್ಲಿ ಅತ್ಯುತ್ತಮ ಅರ್ಥ ಹೇಳುವವನು ಪ್ರಶಾಂತ. ರಾಜನ ಪಾತ್ರ ಅವನಿಗೇ ಕೊಟ್ಟೆ. ತನ್ನ ತಪ್ಪು ತನ್ನ ಬಾಯಿಂದಲೇ ಕೇಳಿ ಅವನಿಗೆ ನಾಚಿಕೆಯಾದೀತು ಎಂದು ಎಣಿಸಿದ್ದೆ. ಸುಶೀಲೆಯಾಗಲು ಬೇರೆ ಯಾವ ಹುಡುಗನೂ ಒಪ್ಪಲಿಲ್ಲ. ರಾಘವ ಒಪ್ಪಿದ.

ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಹುಡುಗರು. ಪ್ರಿನ್ಸಿಪಾಲರು ನನ್ನನ್ನು ನೋಡಿ ತಲೆದೂಗಿದರು. ಆಗ ಪ್ರಶಾಂತ ಬಾಯಿ ತೆರೆದ.

“ಎಲೈ ಸುಶೀಲೆ, ಹೂವು ಅರಳುವುದು ಯಾರಿಗಾಗಿ? ಅರಳಿ ಪರಿಮಳ ಹರಡಿ, ದುಂಬಿ ಬಂದ ಮೇಲೆ ದೂರು ಕೊಡುವುದು ಯಾವ ನ್ಯಾಯ? ತಪ್ಪು ದುಂಬಿಯದೋ, ಹೂವಿನದೋ?”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ‘ಓಹೋ’ ಎಂದರು. ರಾಘವ ಏನೋ ಹೇಳಿದ. ರಾಜ ಅದಕ್ಕೆ ಹೊಳೆಯನ್ನೂ ಕಡಲನ್ನೂ ತಂದ. ರಾಘವ ಇನ್ನೇನೋ ಹೇಳಿದ. ರಾಜ ಬಳ್ಳಿಯನ್ನೂ ಮರವನ್ನೂ ತಂದ. ಕಾಲು ಗಂಟೆಯಲ್ಲಿ ರಾಘವನ ಅಂಗಿ ಬೆನ್ನಿಗೆ ಅಂಟಿತ್ತು. ಇಲ್ಲಿಯ ಹುಡುಗರು ಚಿಕ್ಕಂದಿನಿಂದ ಕಲಿತದ್ದು ಒಂದೇ: ಒಳ್ಳೆಯ ವಾದಕ್ಕೆ ಉತ್ತರವಿಲ್ಲದಿದ್ದರೆ ಮರ್ಯಾದೆಯಿಂದ ಒಪ್ಪಿಕೊಳ್ಳಬೇಕು. ಅವನು ಕಥೆ ಮರೆತ, ಮರ್ಯಾದೆ ಮರೆಯಲಿಲ್ಲ.

“ಮಹಾರಾಜ, ತಾವು ಹೇಳುವುದೂ ನಿಜವೇ,” ಎಂದು ಕೈ ಮುಗಿದ. “ಹಾಗಾದರೆ ನಾನು ತಮ್ಮ ಜೊತೆ ಬರುತ್ತೇನೆ.”

ಸಭೆ ಶಿಳ್ಳೆಯಲ್ಲಿ ಮುಳುಗಿತು. ಸುಶೀಲೆ ರಾಜನ ಜೊತೆ ಹೊರಟ ಮೇಲೆ ಹಾಡಲು ನಾಯ್ಕರ ಬಳಿ ಪದ್ಯವಿರಲಿಲ್ಲ. ಅವರ ಎರಡು ತಾಳಗಳೂ ಗಾಳಿಯಲ್ಲೇ ನಿಂತವು. ಪ್ರಿನ್ಸಿಪಾಲರು ಮತ್ತೆ ನನ್ನನ್ನು ನೋಡಿದರು. ಈ ಸಲ ತಲೆದೂಗಲಿಲ್ಲ. ದೌರ್ಜನ್ಯ ತಡೆಯುವ ನಮ್ಮ ಸಮಿತಿಯ ಮೊದಲ ಕಾರ್ಯಕ್ರಮದಲ್ಲಿ ದೌರ್ಜನ್ಯವು ಚಪ್ಪಾಳೆಯೊಂದಿಗೆ ಗೆದ್ದಿತ್ತು.

ಮೂರನೆಯ ಸಾಲಿನಲ್ಲಿ ಲಲಿತಾ ಎದ್ದಳು. ಹೊರಗೆ ಹೋಗುತ್ತಾಳೆಂದುಕೊಂಡೆ. ಅವಳು ಚಪ್ಪಲಿ ಬಿಟ್ಟು ಚಾಪೆಗೆ ಬಂದು, ರಾಘವನಿಗೆ ಸರಿಯಲು ಕೈಸನ್ನೆ ಮಾಡಿ ಕೂತಳು. ಮಾತು ಸಿಗದವನ ಜಾಗಕ್ಕೆ ಮಾತಿದ್ದವನು ಕೂರುವುದು ಇಲ್ಲಿ ಹೊಸತಲ್ಲ; ಕೂತವಳು ಹೆಣ್ಣಾಗಿದ್ದು ಹೊಸತು. ನಾಯ್ಕರು ಒಂದು ಕ್ಷಣ ನೋಡಿ, ಸುಶೀಲೆಯ ಪದ್ಯವನ್ನು ಮೊದಲಿನಿಂದ ಎತ್ತಿದರು.

“ಹೂವಿನ ಮಾತು ಸಾಕು ಮಹಾರಾಜ,” ಎಂದಳು ಲಲಿತಾ. “ಕೇಳಿದ್ದಕ್ಕೆ ಉತ್ತರ ಕೊಡು. ಕಳೆದ ಮಂಗಳವಾರ ಮುಂಜಾನೆ, ಉಗಿಬಂಡಿಯ ನಿಲ್ದಾಣದಲ್ಲಿ ನನ್ನ ಎಡಗೈ ಹಿಡಿದದ್ದು ದುಂಬಿಯೋ, ನೀನೋ?”

ಉಗಿಬಂಡಿ ಎಂದದ್ದಕ್ಕೆ ಎಲ್ಲರೂ ನಕ್ಕರು. ಪ್ರಶಾಂತ ನಗಲಿಲ್ಲ.

“ಬಿಡು ಎಂದು ಎಷ್ಟು ಸಲ ಹೇಳಿದೆ?”

“ಅರಸನಾದವನು ಹೆಂಗಸರ ಮಾತು ಎಣಿಸುತ್ತ ಕೂರುವುದಿಲ್ಲ.”

“ನಾನು ಎಣಿಸಿದ್ದೇನೆ. ಐದು ಸಲ.”

“ಸಾಕ್ಷಿ ಯಾರು?” ಪ್ರಶಾಂತನ ದನಿಗೆ ಜೀವ ಬಂತು. “ಸಾಕ್ಷಿಯಿಲ್ಲದ ದೂರು ನೀರಿನ ಮೇಲೆ ಬರೆದ ಅಕ್ಷರ.”

ಅವಳು ಅವನನ್ನೇ ನೋಡಿದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸುತ್ತಿದ್ದೆ. ಗೋಡೆಯ ಮೇಲೆ ಓದಲು ಏನಾದರೂ ಇದೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಎದ್ದು ನಿಂತೆ. ಗ್ರಾಂಥಿಕ ಕನ್ನಡ ಬರಲಿಲ್ಲ, ಇಂಡಿಯದೇ ಬಂತು.

“ನಾ ಇದ್ದೆರಿ. ಹತ್ತು ಹೆಜ್ಜಿ ದೂರದಾಗ.” ಹೆಜ್ಜಿಗೆ ಕಿಟಕಿಯ ಹುಡುಗರು ನಕ್ಕರು. “ನಾಕು ಸಲ ಬಿಡು ಅಂದದ್ದು ಕೇಳೀನಿ. ಐದನೇದು ಕೇಳಿಲ್ಲ. ಅಷ್ಟೊತ್ತಿಗೆ ನಾ ಟೈಮ್ ಟೇಬಲ್ ಓದಾಕತ್ತಿದ್ದೆ.”

ಮತ್ತೆ ಯಾರೋ ನಗಲು ಶುರುಮಾಡಿ ನಡುವೆ ನಿಲ್ಲಿಸಿದರು. ಆಗ ಚಾಪೆಯ ಅಂಚಿನಲ್ಲಿ ಕೂತಿದ್ದ ರಾಘವ, ತಗ್ಗಿಸಿದ ತಲೆ ಎತ್ತದೆ ಹೇಳಿದ: “ಐದನೇದು ನಾನು ಕೇಳಿದ್ದೆ.”

ರಾಜನಿಗೆ ಉತ್ತರ ಹೊಳೆಯಲಿಲ್ಲ. ನಾಯ್ಕರು ಮಂಗಳ ಹಾಡಿಬಿಟ್ಟರು.

ಯಾಕೆ ಎದ್ದುಬಂದೆ, ಮನೆಗೆ ತಿಳಿಯುವುದಿಲ್ಲವೇ ಎಂದು ಆಮೇಲೆ ಲಲಿತಾಳನ್ನು ಕೇಳಿದೆ. “ರಾಘವ ನನ್ನ ಬದ್ಲಿಗೆ ‘ಬತ್ತೆ’ ಹೇಳ್ಬಿಟ್ಟ ಸರ್,” ಎಂದಳು. “ಸುಮ್ನೆ ಕೂತ್ರೆ ಹೌದು ಅಂದಂಗೆ ಆತು.”

ಮನೆಗೆ ತಿಳಿಯಿತು. ಮೂರನೆಯ ದಿನ ಅವಳ ಅಣ್ಣ ನನ್ನ ಜಗಲಿಗೆ ಬಂದ. ದೋಣಿಯಲ್ಲಿ ದುಡಿಯುವ, ಅಗಲ ಭುಜದ, ಕಡಿಮೆ ಮಾತಿನ ಆಳು. ಕಂಡದ್ದನ್ನು ಕಂಡಷ್ಟೇ ಹೇಳಿದೆ: ಎಡಗೈ, ಹತ್ತು ಹೆಜ್ಜೆ, ನನ್ನ ನಾಲ್ಕು, ರಾಘವನ ಐದನೆಯದು.

“ಐದು ಸಲ ಬಿಡು ಅಂದೀಳು ಅಂದ್ರೆ ಅವಳದ್ದೆಂತ ತಪ್ಪು?” ಎಂದು ತನಗೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಆಗ ನೀವೆಂತ ಮಾಡ್ತಿದ್ರಿ?” ಎಂದ.

ವೇಳಾಪಟ್ಟಿಯ ವಿಷಯ ಹೇಳಿದೆ. ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಮರುದಿನ ಲಲಿತಾ ಎಂದಿನಂತೆ ತರಗತಿಯಲ್ಲಿದ್ದಳು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಬಂಗಡೆ ಮೀನು: ಅಣ್ಣ ಮಾಸ್ತರಿಗೆ ಕಳಿಸಿದ್ದು. ನಾನು ಮೀನು ತಿನ್ನುವುದಿಲ್ಲ. ಅದನ್ನು ಮಾದೇವಮ್ಮನವರಿಗೆ ಕೊಟ್ಟು, ಬದಲಿಗೆ ಒಂದು ಬಟ್ಟಲು ಬಸಳೆ ಹುಳಿ ಪಡೆದೆ. ನಾಯ್ಕರು ಊಟ ಮುಗಿಸಿ, ಇಂಥ ಕೇಸು ತಿಂಗಳಿಗೊಂದು ಬಂದರೂ ಅಡ್ಡಿಲ್ಲ ಎಂದರು. ಮಾದೇವಮ್ಮ ನೋಡಿದ ನೋಟಕ್ಕೆ ಮಾತು ಹಿಂದೆಗೆದುಕೊಂಡರು.

ಪ್ರಿನ್ಸಿಪಾಲರು ಪ್ರಶಾಂತನ ತಂದೆಯನ್ನು ಕರೆಸಿದರು. ಪ್ರಶಾಂತ ಒಮ್ಮೆ ನನ್ನ ಬಳಿಗೂ ಬಂದು, “ಸರ್, ನಾನು ಹೇಳಿದ್ದು ರಾಜನ ಅರ್ಥ, ನಂದಲ್ಲ,” ಎಂದ. ಕೈ ಯಾರದು ಎಂದು ಕೇಳಿದೆ. ಕೈಗಳನ್ನು ಜೇಬಿಗೆ ಹಾಕಿಕೊಂಡು ಹೋದ. ಅವನು ಬದಲಾದನೋ ಇಲ್ಲವೋ ತಿಳಿಯದು. ಆ ನಿಲ್ದಾಣದಲ್ಲಿ ಮತ್ತೆ ಯಾರ ಕೈಯನ್ನೂ ಹಿಡಿದದ್ದು ನಾನು ಕಂಡಿಲ್ಲ. ಅಷ್ಟನ್ನೇ ಹೇಳಬಲ್ಲೆ.

ಮುಂದಿನ ಸಭೆಗೆ ಹನ್ನೊಂದು ಹುಡುಗರು ಬಂದರು. ಹೊಡೆದಾಟ ಬೇಡ, ಕಾವಲೂ ಬೇಡ, ಕಂಡಲ್ಲಿ ‘ಎಂತ ಅದು?’, ಅಂದರೆ ನಮ್ಮ ‘ಏನದು?’, ಎಂದು ಗಟ್ಟಿಯಾಗಿ ಕೇಳಿದರೆ ಸಾಕು ಎಂದು ಲಲಿತಾ ಹೇಳಿದಳು. ಕೇಳುವುದು ಸುಲಭವೆಂದು ನಾವು ತಿಳಿದಿದ್ದೆವು. ಹನ್ನೊಂದು ಮಂದಿಯೂ ನಾನೂ ಕಾಲೇಜಿನ ಹಿಂದಿನ ಗೇರುಮರಗಳ ಕೆಳಗೆ ನಿಂತು ಅಭ್ಯಾಸ ಮಾಡಿದೆವು. ಮೊದಲ ದಿನ ಯಾರ ಗಂಟಲಿನಿಂದಲೂ ಸರಿಯಾಗಿ ಹೊರಡಲಿಲ್ಲ. ವಾರದಲ್ಲಿ ರಾಘವ ಎಷ್ಟು ಪಳಗಿದನೆಂದರೆ ಟಿಕೆಟ್ ಕೇಳಿದ ಅಧಿಕಾರಿಗೂ ಅದನ್ನೇ ಕೇಳಿ ದಂಡ ಕಟ್ಟಿದ. ಲಲಿತಾ ಪರೀಕ್ಷೆ ಬರೆದಳು. ಈಗ ಕುಮಟಾದ ಒಂದು ಕಚೇರಿಯಲ್ಲಿದ್ದಾಳೆ. ಅದೇ ಪ್ಯಾಸೆಂಜರಿನಲ್ಲಿ ಓಡಾಡುತ್ತಾಳೆ.

ನಾನು ಇಲ್ಲಿ ಇವತ್ತಿಗೂ ಘಟ್ಟದ ಮೇಲಿನ ಮಾಸ್ತರು. ಹೋದ ರಜೆಯಲ್ಲಿ ಇಂಡಿಗೆ ಬಂದಿದ್ದೆನಲ್ಲ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಒಂದು ಹೆಣ್ಣುಮಗಳ ರಟ್ಟೆ ಹಿಡಿದು ಎಳೆಯುತ್ತಿದ್ದ. ಆಕೆ ಬಿಡು ಎನ್ನುತ್ತಿದ್ದಳು. ಸುತ್ತ ನಿಂತವರು ಬಸ್ಸಿನ ಬೋರ್ಡು ಓದುತ್ತಿದ್ದರು. ನನ್ನ ಬಾಯಿಂದ ತಾನಾಗಿ ಗಟ್ಟಿಯಾಗಿ ಬಂತು: “ಎಂತ ಅದು?”

ಬೋರ್ಡು ಓದುತ್ತಿದ್ದವರು ತಿರುಗಿದರು. ಅವನು ಕಕ್ಕಾಬಿಕ್ಕಿಯಾಗಿ ಕೈ ಬಿಟ್ಟು, “ಎಂತ ಅಂದ್ರ ಏನೋ? ಯಾವೂರಾಂವ ಲೇ ನೀ?” ಎಂದ.

ಉತ್ತರ ಹೇಳಲು ಹೋದೆ. ಇಂಡಿಯವನು ಎನ್ನಲೇ, ಹೊನ್ನಾವರದವನು ಎನ್ನಲೇ ಎಂದು ನಿಜವಾಗಿಯೂ ತಡವಾಯಿತು. ಅಷ್ಟರಲ್ಲಿ ಆಕೆ ಬಸ್ಸು ಹತ್ತಿದ್ದಳು.